ಕಿಟಕಿ ಒಡೆದ ಚಿಕ್ಕತಾಯಮ್ಮ

ಬೆಟ್ಟದಪುರದ ಚಿಕ್ಕತಾಯಮ್ಮ ಹೊಗೆಸೊಪ್ಪು ವಿಂಗಡಿಸುವುದರಲ್ಲಿ ಗಟ್ಟಿಗಿತ್ತಿ, ಸಿಟ್ಟಿನಲ್ಲೂ ಅಷ್ಟೆ. ಅಂದು ಮಳೆಯ ಚಳಿ. ಮಳೆಗಾಳಿ ತಾಗಿದರೆ ಗೂಡಿನ ಕಾವಿನಲ್ಲಿ ಬೇಯಿಸಿದ ಸೊಪ್ಪು ತೇವ ಹೀರಿ ಬೂಷ್ಟು ಹಿಡಿಯುತ್ತದೆಂದು ಯಜಮಾನ ಚೆಲುವರಾಜು ವಿಂಗಡಿಸುವ ಕೋಣೆಯ ಸಂದುಗೊಂದಿಗೆಲ್ಲ ಗೋಣಿ ತುರುಕಿಸಿ, ಹೆಂಗಸರಿಗೆ ಬೆಚ್ಚಗಿರಲೆಂದು ಬಾಂಡಲಿಯಲ್ಲಿ ಕೆಂಡ ಇಡಿಸಿದ್ದ. ಗಾಳಿ ಸಾಲದೆ ಉರಿಯುವ ಕೆಂಡ ವಿಷದ ಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತಕ್ಕೆ ಸೇರಿಕೊಂಡು ಒಳ್ಳೆಯ ಗಾಳಿಗೆ ಜಾಗವನ್ನೇ ಕೊಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ತಲೆಯೂ ಸಿಡಿಯತೊಡಗಿತು. ಚಿಕ್ಕತಾಯಮ್ಮನ ಸೊಸೆ ನೇತ್ರಾ ಸೊಪ್ಪಿನ ಮೇಲೇ ಉರುಳಿದಳು.

"ಕದ ತೆಗೀರಿ ಗೌಡ್ರೆ!" ಎಂದು ಚಿಕ್ಕತಾಯಮ್ಮ ಕೂಗಿದಳು.

ಆಗತಾನೆ ಒಳಗೆ ಬಂದಿದ್ದ ಚೆಲುವರಾಜು ಬಾಗಿಲಿಗೆ ಅಡ್ಡ ನಿಂತ. "ಒಸಿ ತಲೆಸುತ್ತು ಕಣಮ್ಮಿ, ನೀರು ಚುಮ್ಕ್ಸು. ಕದ ತೆಗುದ್ರೆ ಸೊಪ್ಪು ಆಳಾಯ್ತದೆ."

"ನಿನ್ ಸೊಪ್ಪಿಗೆ ಬೆಂಕಿ ಬೀಳ!"

ಸೊಪ್ಪಿನ ಮೇಲೆ ಹೇರಿದ್ದ ಕಲ್ಲೆತ್ತಿ ಅವಳು ಕಿಟಕಿಗೆ ಬೀಸಿದಳು. ಗಾಜು ಚೂರಾಯಿತು. ಚೆಲುವರಾಜು ಅವಳ ತುರುಬು ಹಿಡಿದು ಎಳೆದ. ಅವಳು ಅವನ ಕೈಯನ್ನು ರಕ್ತ ಚಿಮ್ಮುವಂತೆ ಕಚ್ಚಿ, ಎದೆಗೆ ಗುದ್ದಿ ಕೆಡವಿ, ಕದ ತೆರೆದು ಸೊಸೆಯನ್ನು ಅಂಗಳದ ಕೆಸರಿಗೆ ಎಳೆದುತಂದಳು. ಮಿಕ್ಕ ಹೆಂಗಸರೂ ತೆವಳಿಕೊಂಡು ಹೊರಬಂದರು. ನೇತ್ರಾ ವಾಂತಿ ಮಾಡಿ, ಕೊನೆಗೂ ಉದ್ದಕ್ಕೆ ಉಸಿರೆಳೆದಳು.

"ನಾಯಿ ಅಂಗೆ ಕಚ್ಚಿದ್ಯಲ್ಲೇ!" ಎಂದು ಚೆಲುವರಾಜು ಕೂಗಾಡಿದ.

"ಇನ್ನೊಂದ್ ಕೈ ಐತಲ್ಲ, ಅದ್ರಲ್ಲೇ ನಿಮ್ ಜೀಪ್ ಓಡ್ಸಿ, ಇವ್ಳ್ನ ಆಸ್ಪತ್ರೆಗೆ ಕರ್ಕೊಂಡ್ ನಡೀರಿ," ಎಂದಳು ಚಿಕ್ಕತಾಯಮ್ಮ. "ಇಲ್ದಿದ್ರೆ ಅದೂ ಉಳಿಯಾಕಿಲ್ಲ."