ಟವೆಲ್ಲಿನ ಕೆಳಗೆ ಕೇಳಿದ ಅಂಕಿ

2007ರ ಮಾತು. ನಮ್ಮ ಅಪ್ಪ ರೋಣದಲ್ಲಿ ಎತ್ತಿನ ದಲಾಲಿ ಮಾಡುತ್ತಿದ್ದರು. ಸೊಂಟನೋವೆಂದು ಹುಬ್ಬಳ್ಳಿಗೆ ಕರೆದೊಯ್ದರೆ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಎಲುಬಿಗೂ ಹಬ್ಬಿದೆ ಎಂದರು. ಆಪರೇಷನ್ ಆಯಿತು. ಇನ್ನು ಮೇಲೆ ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆಯ ಅಂಕಿ ನೋಡುತ್ತಿರಬೇಕು, ಅದು ಇಳಿದಷ್ಟೂ ಒಳ್ಳೆಯದು, ಮತ್ತೆ ಏರಿದರೆ ಕಷ್ಟ ಎಂದು ಡಾಕ್ಟರು ಅಪ್ಪನ ಎದುರೇ ಹೇಳಿದರು.

ಅಂದಿನಿಂದ ಮನೆಯಲ್ಲಿ ಅದೇ ಜಪ. ಮೊದಲ ಸಲ ಮುನ್ನೂರರಿಂದ ಮೂವತ್ತಕ್ಕೆ ಇಳಿಯಿತು. ಅಪ್ಪ ಓಣಿ ತುಂಬ ಹೇಳಿಕೊಂಡು ಬಂದರು. ಎರಡನೆಯ ರಿಪೋರ್ಟ್ ತರಲು ಗದಗಿಗೆ ನಾನೊಬ್ಬನೇ ಹೋದೆ. ತೊಂಬತ್ತು! ಅಲ್ಲಿಯ ಡಾಕ್ಟರು ನೋಡಿ, ರೋಗ ಔಷಧಕ್ಕೆ ಜಗ್ಗುತ್ತಿಲ್ಲ, ಒಂದು ವರ್ಷ ಎನ್ನಬಹುದು, ಹೆಚ್ಚು ಹೇಳಲಾರೆ ಎಂದರು.

ಮೊದಲೇ ನಾನು ನಿಂತಲ್ಲಿ ನಿಲ್ಲದವನು. ಬಸ್ಸು ಬೆಳವಣಕಿ ಮುಟ್ಟುವಷ್ಟರಲ್ಲಿ ಮೂರು ಸೀಟು ಬದಲಿಸಿದ್ದೆ. ಒಂದು ಕಡೆ ಕೂರಬಾರದೇ ಎಂದ ಕಂಡಕ್ಟರ್ ಮೇಲೆ ಹರಿಹಾಯ್ದೆ. ಪಾಪ, ಅವನದೇನು ತಪ್ಪು? ರೋಣದಲ್ಲಿ ಇಳಿದರೂ ಮನೆ ಕಡೆ ಕಾಲೇಳಲಿಲ್ಲ. ಸ್ಟ್ಯಾಂಡಿನಲ್ಲಿ ಎರಡು ಸಲ ಚಹಾ ಕುಡಿದೆ. ಸುಳ್ಳು ಹೇಳುವುದೇ ಸೈ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೊರಟೆ.

"ಇಳದೈತಿ ಅಪ್ಪಾ. ಭಾಳ ಚಲೋ ಐತಿ," ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಮೇಲೆ ಹಾಕಿ, ಅದರೊಳಗೆ ತಮ್ಮ ಕೈ ಕೊಟ್ಟರು. ದನದ ಸಂತೆಯಲ್ಲಿ ರೇಟು ಬಾಯಿಬಿಟ್ಟು ಹೇಳುವುದಿಲ್ಲ. ಹೀಗೆ ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ನನಗೆ ಅದನ್ನು ಕಲಿಸಿದವರೂ ಅವರೇ.

"ಬಾಯಿ ಏನರ ಹೇಳ್ಲಿ. ಇಲ್ಲಿ ಸುಳ್ಳ ನಡಿಯಂಗಿಲ್ಲ," ಎಂದರು.

ಐದು ಬೆರಳು ಹಿಡಿದು ಬಿಟ್ಟೆ, ಮತ್ತೆ ನಾಲ್ಕು ಹಿಡಿದೆ. ಬೆರಳಿಗೆ ಹತ್ತರ ಲೆಕ್ಕದಲ್ಲಿ ತೊಂಬತ್ತೆಂದು ಅವರಿಗೆ ತಿಳಿಯಿತು. ಎಷ್ಟು ವರ್ಷ ಅಂದರು ಎಂದು ಮೆಲ್ಲಗೆ ಕೇಳಿದರು. ಒಂದು ಬೆರಳು ಹಿಡಿದೆ.

ಅಪ್ಪ ಚೌಕಾಸಿಗೆ ಇಳಿದವರ ಹಾಗೆ ನನ್ನ ಎರಡು ಬೆರಳು ಹಿಡಿದು ಒತ್ತಿದರು.

"ಇಷ್ಟರ ಮಾಡ," ಎಂದರು.

ಕೊಡಲು ನನ್ನ ಹತ್ತಿರ ಏನಿತ್ತು? ನಾನೂ ಅವರ ಎರಡು ಬೆರಳು ಹಿಡಿದೆ. ಸಂತೆಯಲ್ಲಿ ಹಾಗೆ ಹಿಡಿದರೆ ಸೌದಾ ಮುಗಿಯಿತು, ಮಾತು ಕೊಟ್ಟಂತೆ. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಊಟಕ್ಕೆ ಬಡಿಸಲು ಅವ್ವನಿಗೆ ಹೇಳಿದರು.

ಹದಿಮೂರು ತಿಂಗಳಿಗೆ ಅವರು ತೀರಿಕೊಂಡರು. ಟವೆಲ್ಲಿನ ಕೆಳಗೆ ನಾನು ಹೇಳಿದ ಸುಳ್ಳು ಅದೊಂದೇ. ಅದಕ್ಕೆ ಪಶ್ಚಾತ್ತಾಪವಿಲ್ಲ. ಹೇಗೂ ಸುಳ್ಳು ಹೇಳುವವನು ಐದೂ ಬೆರಳು ಹಿಡಿಯಬೇಕಿತ್ತು ಎಂದು ಇವತ್ತಿಗೂ ಸಂಕಟವಾಗುತ್ತದೆ.