ಆರನೇ ಟ್ಯೂಬಿನ ರಕ್ತ

ಸವಿತಾ, ನಿನ್ನ ಪ್ರಯೋಗ ಕೆಟ್ಟದ್ದು ನನ್ನಿಂದ. ಆರೋಗ್ಯವಂತರ ರಕ್ತವೆಂದು ನೀನು ತೆಗೆದುಕೊಂಡ ಆರನೇ ಟ್ಯೂಬು ನನ್ನದು — ನನಗೆ ಆಗಲೇ ಲೂಪಸ್ ಇತ್ತು. ಗೊತ್ತಿದ್ದೂ ಕೊಟ್ಟೆ.

ನೀನು ಹಾವೇರಿಯಿಂದ ಬಂದು ಮಾರೇನಹಳ್ಳಿಯ ಪಿಜಿಯಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ, ನಾನು ಕೆಂಗೇರಿಯ ಆ ಲ್ಯಾಬಿನ ಟೆಕ್ನಿಷಿಯನ್. ನಿನ್ನ ಪ್ರಶ್ನೆ ನನಗೂ ಬಾಯಿಪಾಠವಾಗಿತ್ತು. ಲೂಪಸ್ ಬಂದರೆ, ಕಾಯಬೇಕಾದ ಪ್ರತಿಕಾಯಗಳೇ ಮೈಮೇಲೆ ತಿರುಗಿ ಬೀಳುತ್ತವೆ. ಅಂಥ ಪ್ರತಿಕಾಯದ್ದೇ ಒಂದು ಚೂರು, ಒಂದು ಪೆಪ್ಟೈಡ್, ರೋಗಿಗಳ ಬಿಳಿ ರಕ್ತಕಣಗಳನ್ನು ಇನ್ನಷ್ಟು ಕೆರಳಿಸುತ್ತದೆಯೇ? ಆರೋಗ್ಯವಂತರ ಕಣಗಳು ಸುಮ್ಮನಿರುತ್ತವೆಯೇ? ಹೋಲಿಸಿ ನೋಡಲು ಲ್ಯಾಬಿನವರೇ ರಕ್ತ ಕೊಡುವುದು ನಮ್ಮಲ್ಲಿ ವಾಡಿಕೆ. ಫಾರಂನಲ್ಲಿ ಕಾಯಿಲೆ ಇದೆಯೇ ಎಂದು ಕೇಳಿದ ಕಡೆ ‘ಇಲ್ಲ’ ಎಂದು ಬರೆದೆ. ಲೂಪಸ್ ಮಾತ್ರೆ ಬ್ಯಾಗಿನಲ್ಲೇ ಇತ್ತು.

ಕಾಯಿಲೆಯವಳೆಂದು ತಿಳಿದರೆ ಗುತ್ತಿಗೆ ಕೆಲಸ ಹೋಗುತ್ತದೆಂಬ ಭಯ. ಹಾಳು ಭಯ. ಆದರೆ ‘ರಕ್ತ ಕೊಡೋಕೆ ನನ್ನಿಂದ ಆಗುವುದಿಲ್ಲಮ್ಮ, ಬೇರೆ ಯಾರನ್ನಾದರೂ ಕೇಳು’ ಅಂದಿದ್ದರೆ ಮುಗಿಯುತ್ತಿತ್ತು, ಯಾರೂ ಕಾರಣ ಕೇಳುತ್ತಿರಲಿಲ್ಲ. ಅಷ್ಟನ್ನೂ ಹೇಳಲಿಲ್ಲ.

ರೋಗಿಗಳ ಕಣಗಳು ಕೆರಳಿದವು. ಆರೋಗ್ಯವಂತರಲ್ಲಿ ಐವರವು ಸುಮ್ಮನಿದ್ದವು, ನನ್ನವು ಮಾತ್ರ ಕೆರಳಿದವು. ನೀನು ಊಟ ಬಿಟ್ಟು ನನ್ನ ಮುಂದೆ ಬಂದು ನಿಂತೆ.

“ನನ್ನ ಕೈಯಾಗ ಏನೋ ತಪ್ಪಾಗೇತ್ರಿ ಅಕ್ಕಾ. ಇನ್ನೊಮ್ಮೆ ರಕ್ತ ಕೊಡ್ತೀರೇನ್ರಿ?”

ಆಗಲಾದರೂ — ಇಲ್ಲ. “ತಗೋಮ್ಮ, ಅದಕ್ಕೇನಂತೆ” ಎಂದು ತೋಳು ಚಾಚಿದೆ. ಮತ್ತೆ ಅದೇ ಫಲಿತಾಂಶ. ಆರೋಗ್ಯವಂತರಲ್ಲೂ ಹೀಗಾದರೆ ಈ ಪೆಪ್ಟೈಡನ್ನು ನಂಬುವುದು ಹೇಗೆ ಎಂದು ನಿನ್ನ ಗೈಡ್ ಮೇಡಂ ಅದನ್ನು ಕೈಬಿಟ್ಟರು. ನೀನು ವಿಷಯ ಬದಲಿಸಿದೆ, ಆಮೇಲೆ ಸಂಶೋಧನೆಯನ್ನೇ ಬಿಟ್ಟೆ. ನಾನು ನೋಡುತ್ತಾ ಕೂತಿದ್ದೆ.

ಹೋದ ವಾರ ಇಷ್ಟು ವರ್ಷಗಳ ಮೇಲೆ ವಿಜಯನಗರದ ಮೆಟ್ರೋದಲ್ಲಿ ಸಿಕ್ಕಿದೆಯಲ್ಲ, ನೀನೀಗ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೀಯಂತೆ. ಕಾಯಿಲೆಗೆ ಊದಿದ ನನ್ನ ಬೆರಳು ನೋಡಿ, ಏನೂ ಕೇಳದೆ ನನ್ನ ಬ್ಯಾಗನ್ನು ನೀನೇ ಹಿಡಿದುಕೊಂಡೆ. ಇಳಿಯುವಾಗ ನಕ್ಕು ಹೇಳಿದೆ: “ಲ್ಯಾಬ್ ಕೆಲಸ ನನ್ನ ಕೈಗೆ ಹತ್ತಲಿಲ್ಲ ಬಿಡ್ರಿ ಅಕ್ಕಾ.” ನೀನು ಇಷ್ಟು ವರ್ಷ ಹಾಗೆಂದೇ ನಂಬಿಕೊಂಡಿದ್ದೀಯ —

ಲೂಪಸ್ ಇದೆ ಎಂದ ನನ್ನ ಮೊದಲ ರಿಪೋರ್ಟಿನ ಜೆರಾಕ್ಸ್ ಈ ಪತ್ರದ ಜೊತೆಗಿದೆ. ತಾರೀಖು ನೋಡು, ನಿನ್ನ ಪ್ರಯೋಗಕ್ಕಿಂತ ಹಿಂದಿನದು. ಇನ್ನೊಂದು ಪ್ರತಿಯನ್ನು ಸೋಮವಾರ ಮೇಡಂಗೆ ನಾನೇ ಹೋಗಿ ಕೊಡುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಇಷ್ಟು ತಿಳಿದುಕೋ, ನಿನ್ನ ಕೈ ತಪ್ಪಿರಲಿಲ್ಲ. ನಾನು ಎಲ್ಲರಿಂದ ಮುಚ್ಚಿಟ್ಟ ಕಾಯಿಲೆಯನ್ನು ಎರಡು ಸಲವೂ ಸರಿಯಾಗಿ ಹಿಡಿದದ್ದು ಅದೇ ಕೈ.