ತಂದೆಯವರ ಊಟದ ವಿಷಯವಾಗಿ

ಮಾನ್ಯ ಓದುಗರ ಸನ್ನಿಧಿಗೆ,

ನನ್ನ ಅಕ್ಷರ ದುಂಡಾಗಿಲ್ಲ, ಕಾಗುಣಿತದಲ್ಲಿಯೂ ದೋಷಗಳು ಉಳಿದಿರಬಹುದು. ಈ ಎರಡಕ್ಕೂ ಮೊದಲಿಗೇ ತಮ್ಮ ಕ್ಷಮೆಯನ್ನು ಕೋರುತ್ತೇನೆ. ನಾನು ಸೇಡಂ ಕಡೆಯ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಬಳಿಕ ಹೈದರಾಬಾದಿಗೆ ಬಂದು ವಿದ್ಯುತ್ ಕೆಲಸ ಕಲಿತವನು. ಇಲ್ಲಿ ಆಡುವುದು ತೆಲುಗು, ಬರೆಯುವುದು ಇಂಗ್ಲಿಷು. ಕನ್ನಡದಲ್ಲಿ ನನಗೆ ಬರೆಯಲು ಬರುವುದು ಶಾಲೆಯಲ್ಲಿ ಕಲಿಸಿದ ರಜೆಯ ಅರ್ಜಿ ಒಂದೇ. ಆದಕಾರಣ ಈ ಬರಹವೂ ಅರ್ಜಿಯ ಧಾಟಿಯಲ್ಲಿಯೇ ಸಾಗಿದರೆ ತಾವು ಬೇಸರಿಸಬಾರದಾಗಿ ವಿನಂತಿ.

ಕುಷಾಯಿಗೂಡದ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, "ಪಾಳಿ ಕೆಲಸಕ್ಕೆ ಹೆಂಗ ಹೊಂದಿಕೊಂಡ್ರಿ ಅಂತ ಒಂದೆರಡು ಪುಟ ಬರಕೊಡ್ರಿ" ಎಂದು ಕೇಳಿದ್ದರು. ಹೊಂದಿಕೊಂಡ ಬಗೆಯನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ತಂದೆಯವರ ಊಟದ ವಿಷಯವೇ ಮುಂದೆ ಬಂದು ನಿಲ್ಲುತ್ತದೆ. ಆದ್ದರಿಂದ ಅದನ್ನೇ ನಿವೇದಿಸಿಕೊಳ್ಳುತ್ತಿದ್ದೇನೆ.

ಉಪ್ಪಲ್ ಕಡೆಯೂ ಗಾಜಿನ ಕಟ್ಟಡಗಳು ಏಳತೊಡಗಿದ ವರ್ಷಗಳವು. ಅಂಥದೊಂದು ಕಟ್ಟಡದ ನೆಲಮಾಳಿಗೆಯಲ್ಲಿ, ಜನರೇಟರು ಮತ್ತು ಬ್ಯಾಟರಿಗಳ ಕೋಣೆಯಲ್ಲಿ, ಗುತ್ತಿಗೆದಾರರ ಮೂಲಕ ನನಗೆ ಕೆಲಸ ದೊರೆಯಿತು. ಮೇಲಿನ ಮಹಡಿಗಳಲ್ಲಿ ಯಾವುದೋ ದೇಶದ ಗಡಿಯಾರ ನೋಡಿಕೊಂಡು ಕೆಲಸ ನಡೆಯುತ್ತಿದ್ದುದರಿಂದ ಆ ಕಟ್ಟಡಕ್ಕೆ ಹಗಲು ರಾತ್ರಿ ಎಂಬುದಿರಲಿಲ್ಲ. ಹನ್ನೆರಡು ಗಂಟೆಯ ಪಾಳಿ. ಒಂದು ವಾರ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ, ಮರುವಾರ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ. ನನ್ನ ಪತ್ನಿಯೂ ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ ಸ್ವಚ್ಛತೆಯ ಕೆಲಸಕ್ಕೆ ಸೇರಿದಳು. ಅವಳದೂ ಅದೇ ವೇಳೆ.

ಮನೆಯಲ್ಲಿ ನಾವಿಬ್ಬರಲ್ಲದೆ ನನ್ನ ತಂದೆಯವರಿದ್ದರು. ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿ, ಹೈದರಾಬಾದಿನಲ್ಲಿ ಎಷ್ಟೋ ಗೋಡೆಗಳನ್ನು ಎಬ್ಬಿಸಿದವರು. ಒಮ್ಮೆ ಸಾರುವೆಯ ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಕೋಲು ಹಿಡಿದು ನಡೆಯುತ್ತಿದ್ದರು. ತಾಯಿಯವರು ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ತಂದೆಯವರದು ಒಂದೇ ಹಟ, ಒಬ್ಬರೇ ಕುಳಿತು ಉಣ್ಣುತ್ತಿರಲಿಲ್ಲ. ಕಟ್ಟಡದ ಕೆಲಸದವರು ಮಧ್ಯಾಹ್ನ ದುಂಡಗೆ ಕುಳಿತು, ಎಲ್ಲರ ಗಂಟುಗಳನ್ನೂ ಬಿಚ್ಚಿ, ಒಬ್ಬರ ರೊಟ್ಟಿಗೆ ಇನ್ನೊಬ್ಬರ ಹಿಂಡಿ ಚಟ್ನಿ ಹಚ್ಚಿಕೊಂಡು ಉಣ್ಣುತ್ತಾರೆ. ಜೀವನವಿಡೀ ಹಾಗೆ ಉಂಡವರು ಅವರು. "ಒಬ್ಬಾಂವ ಕುಂತು ಉಣ್ಣೂದಂದ್ರ ದನ ಮೇದಂಗ" ಎನ್ನುತ್ತಿದ್ದರು.

ಇಬ್ಬರಿಗೂ ಒಂದೇ ಪಾಳಿ ಬಿದ್ದರೆ ಅವರು ಹನ್ನೆರಡು ಗಂಟೆ ಒಂಟಿಯಾಗಿ ಉಳಿಯುವರೆಂದು ನಮಗೆ ಚಿಂತೆಯಾಯಿತು. ಆಗ ನಾನು ಸೂಪರ್‌ವೈಸರ್ ಸಾಹೇಬರಿಗೆ ಒಂದು ಅರ್ಜಿ ಬರೆದೆ. ಮನೆಯಲ್ಲಿ ಸದಾ ಒಬ್ಬರು ಇರಬೇಕಾದ ಕಾರಣ, ನನಗೆ ಹಗಲು ಪಾಳಿ ಇರುವ ವಾರ ನನ್ನ ಪತ್ನಿಗೆ ರಾತ್ರಿ ಪಾಳಿಯನ್ನೂ, ನನಗೆ ರಾತ್ರಿ ಇರುವ ವಾರ ಅವಳಿಗೆ ಹಗಲನ್ನೂ ದಯಪಾಲಿಸಬೇಕೆಂಬುದು ಅದರ ಸಾರಾಂಶ. ಸಾಹೇಬರು ಅವಳ ಕಟ್ಟಡದ ಮೇಲ್ವಿಚಾರಕರೊಡನೆಯೂ ಮಾತಾಡಿ ಸಹಿ ಹಾಕಿದರು. ಬಹಳ ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದು ಅಂದು ನಾನು ಭಾವಿಸಿದ್ದೆ.

ಅಲ್ಲಿಂದ ಮುಂದೆ ನಮ್ಮ ಸಂಸಾರ ಆವರಣದ ಗೇಟಿನ ಬಳಿ ನಡೆಯತೊಡಗಿತು. ಏಳು ಗಂಟೆಗೆ ಒಬ್ಬರು ಒಳಗೆ ಹೋಗಬೇಕು, ಒಬ್ಬರು ಹೊರಗೆ ಬರಬೇಕು. ನಡುವೆ ಸಿಗುತ್ತಿದ್ದುದು ಐದು ನಿಮಿಷ. ಹಾಲು ತಂದಾಗಿದೆಯೇ, ನೀರು ಬಂದಿತ್ತೇ, ಇಷ್ಟರಲ್ಲಿಯೇ ವೇಳೆ ಮುಗಿಯುತ್ತಿತ್ತು. ಒಮ್ಮೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರಿ, ನಿಮ್ಮನ್ನ ಎಲ್ಲೋ ನೋಡಿದಂಗೈತಲ್ರಿ" ಎಂದಳು.

"ಮದುವ್ಯಾಗ ನೋಡಿರಬೇಕು ತೊಗೊ," ಎಂದೆ.

ಅವಳು ನಕ್ಕು ಒಳಗೆ ಹೋದಳು. ಗೇಟಿನ ಕಾವಲುಗಾರನೂ ನಕ್ಕ. ಪ್ರತಿ ದಿನವೂ ಕೊನೆಯ ಪ್ರಶ್ನೆ ಮಾತ್ರ ಒಂದೇ ಆಗಿರುತ್ತಿತ್ತು: "ಅಪ್ಪ ಉಂಡಾನ?" "ಮಾವಾರು ಉಂಡಾರ?" ಉತ್ತರವೂ ಒಂದೇ: "ಹೂಂ, ಉಂಡಾರ."

ದೇಹ ಈ ತಿರುಗಣೆಗೆ ಒಗ್ಗಲು ಬಹಳ ತಿಂಗಳು ಹಿಡಿಯಿತು. ಒಂದು ವಾರ ಒಗ್ಗಿತೆನ್ನುವಷ್ಟರಲ್ಲಿ ಮರುವಾರ ಬಂದು ಅದನ್ನು ಕೆಡಿಸುತ್ತಿತ್ತು. ಕಿಟಕಿಗೆ ಕಪ್ಪು ಬಟ್ಟೆ ಹೊಡೆದೆವು. ಎಚ್ಚರವಾದಾಗ ಬೆಳಗೋ ಸಂಜೆಯೋ ತಿಳಿಯದೆ, ಹಲ್ಲುಜ್ಜಬೇಕೋ ದೀಪ ಹಚ್ಚಬೇಕೋ ಎಂದು ಹಾಸಿಗೆಯ ಮೇಲೆ ಕುಳಿತಿರುತ್ತಿದ್ದೆ. ಪಾಳಿ ಮುಗಿಯುವ ಮೊದಲು ಕ್ಯಾಂಟೀನಿನಲ್ಲಿ ಉಳಿದದ್ದನ್ನು ಕೆಲಸದವರಿಗೆ ಕೊಡುತ್ತಿದ್ದರು. ಅದನ್ನೇ ಉಂಡು ಮನೆಗೆ ಬಂದು ಬಿದ್ದುಕೊಳ್ಳುವುದು ಇಬ್ಬರಿಗೂ ರೂಢಿಯಾಯಿತು. ವಾರದ ರಜೆಯೂ ಬೇರೆ ಬೇರೆ ದಿನ. ಆ ಒಂದು ದಿನ ಯಾರಿಗೆ ರಜೆಯೋ ಅವರೊಡನೆ ತಂದೆಯವರು ಚೆನ್ನಾಗಿಯೇ ಉಣ್ಣುತ್ತಿದ್ದರು. ಅದನ್ನು ಕಂಡು ಎಲ್ಲ ದಿನವೂ ಹೀಗೆಯೇ ಇರಬೇಕೆಂದು ನಾವು ತಿಳಿದುಕೊಂಡೆವು.

ನಮ್ಮ ನಿದ್ದೆಗಾಗಿ ತಂದೆಯವರು ಮಾಡಿದ್ದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯವೆಂದು ತಿಳಿಯುತ್ತೇನೆ. ಓಣಿಯಲ್ಲಿ ಕಾಯಿಪಲ್ಲೆಯವನು ಕೂಗುವ ಮೊದಲೇ ಕೋಲೂರಿಕೊಂಡು ಮೂಲೆಯವರೆಗೆ ಹೋಗಿ, "ಸಾವಕಾಶ ಒದರಪಾ, ಒಳಗ ಮಂದಿ ಮಲಗೈತಿ" ಎಂದು ಅವನ ಬಂಡಿಯನ್ನು ಅಲ್ಲಿಯೇ ತಡೆಯುತ್ತಿದ್ದರು. ಪಾತ್ರೆ ಸದ್ದಾಗದಂತೆ ಕೆಳಗೆ ಗೋಣಿಚೀಲ ಹಾಸಿ ತೊಳೆಯುತ್ತಿದ್ದರು. ಇದ್ದ ಒಂದೇ ಕೋಣೆಯನ್ನು ನಮಗೆ ಬಿಟ್ಟು, ಹಗಲೆಲ್ಲ ಹೊರಗಿನ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ನಮ್ಮ ಮನೆಯಲ್ಲಿ ಸದಾ ಒಬ್ಬರು ಇದ್ದದ್ದು ನಿಜ. ಆದರೆ ಸದಾ ಒಬ್ಬರು ಮಲಗಿದ್ದರು.

ಎರಡನೆಯ ವರ್ಷದ ಚಳಿಗಾಲದಲ್ಲಿ ತಂದೆಯವರು ಮೆಟ್ಟಿಲ ಬಳಿ ಕಣ್ಣುಕತ್ತಲೆ ಬಂದು ಕುಸಿದರು. ನಾನು ಹಗಲು ಪಾಳಿಯಲ್ಲಿದ್ದೆ. ಮನೆಯಲ್ಲಿ ಮಲಗಿದ್ದ ಪತ್ನಿ ಎದ್ದು ಅವರನ್ನು ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ನನಗೆ ಫೋನು ಮಾಡಿಸಿದಳು. ಎಷ್ಟೋ ತಿಂಗಳ ಮೇಲೆ ನಾವು ಮೂವರೂ ಹಗಲಿನಲ್ಲಿ, ಎಚ್ಚರವಾಗಿ, ಒಂದೇ ಕಡೆ ಸೇರಿದ್ದು ಆ ಆಸ್ಪತ್ರೆಯಲ್ಲಿಯೇ. ಅಂಗಿ ಬಿಚ್ಚಿಸಿದಾಗ ಪಕ್ಕೆಲುಬುಗಳು ಎಣಿಸುವಂತಿದ್ದವು. ನಾನು ಅವರನ್ನು ಸರಿಯಾಗಿ ನೋಡಿ ಎಷ್ಟು ದಿನಗಳಾಗಿದ್ದವೆಂಬುದು ಆಗ ತಿಳಿಯಿತು.

ವೈದ್ಯರು ತೆಲುಗಿನಲ್ಲಿ, ಇವರಿಗೆ ಊಟ ಯಾರು ಕೊಡುತ್ತೀರಿ, ಎಷ್ಟು ಉಣ್ಣುತ್ತಾರೆ ಎಂದು ಕೇಳಿದರು.

"ಆಕಿ ಜೋಡಿ ಉಣ್ತಾನ್ರಿ," ಎಂದು ನಾನೂ, "ಇವ್ರ ಜೋಡಿ ಉಣ್ತಾರ್ರಿ," ಎಂದು ಅವಳೂ ಒಟ್ಟಿಗೆ ಹೇಳಿದೆವು. ಗಾಬರಿಯಲ್ಲಿ ಇಬ್ಬರ ಬಾಯಿಂದಲೂ ಕನ್ನಡವೇ ಬಂದಿತ್ತು. ವೈದ್ಯರಿಗೆ ಅರ್ಥವಾಗಲಿಲ್ಲ. ನಮಗೆ ಅರ್ಥವಾಯಿತು.

ಸಂಗತಿ ಹೀಗಿತ್ತು. ಸಂಜೆ ಕೆಲಸಕ್ಕೆ ಹೊರಡುವವರು "ಉಣ್ಣು" ಎಂದರೆ, ಬರುವವರೊಡನೆ ಉಣ್ಣುತ್ತೇನೆಂದು ಅವರು ಹೇಳುತ್ತಿದ್ದರು. ಗೇಟಿನಲ್ಲಿ ನಾವು ಕೇಳಿ ಹೇಳುತ್ತಿದ್ದುದು ಹಿಂದಿನ ಹೊತ್ತಿನ ಊಟದ ಮಾತು, ಮುಂದಿನ ಹೊತ್ತಿನದು ಬಾಯಿಗೆ ಬರುತ್ತಿರಲಿಲ್ಲ. ಎಂಟಕ್ಕೆ ಮನೆಗೆ ಬಂದವರು ಕೇಳಿದರೆ, ಹೋದವರೊಡನೆ ಉಂಡಾಯಿತೆನ್ನುತ್ತಿದ್ದರು. ಗಡಿಗೆಯಲ್ಲಿ ಅನ್ನ ಕಡಿಮೆಯಾಗಿರುತ್ತಿತ್ತು, ತಟ್ಟೆ ತೊಳೆದಿರುತ್ತಿತ್ತು. ಇನ್ನೇನು ಬೇಕು? ಕೆಲಸದಲ್ಲಿ ನಾನು ಗಂಟೆಗೊಮ್ಮೆ ಬ್ಯಾಟರಿಗಳ ಮುಂದೆ ನಿಂತು ರೀಡಿಂಗ್ ನೋಡಿ ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುತ್ತಿದ್ದೆ. ನೋಡದೆ ಬರೆದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ನಾನು ನೋಡದೆಯೇ ಬರೆದಿದ್ದೆ.

ಆಸ್ಪತ್ರೆಯ ಮಂಚದ ಬಳಿ ಕೇಳಿದೆ: "ಯಾಕ ಸುಳ್ಳ ಹೇಳ್ದಿ ಅಪ್ಪಾ?"

"ಸುಳ್ಳ ಎಲ್ಲಿ ಹೇಳೀನೋ ತಮ್ಮಾ," ಎಂದರು. "ನೀವು ಮಲಗಿದಾಗ ಬಾಜೂಕ ಕುಂತು ಎರಡು ತುತ್ತ ಉಣ್ತಿದ್ದೆ. ನಿಮ್ಮ ಜೋಡೀನ ಆತಲ್ಲ? ನೀವ ಏಳಲಿಲ್ಲ."

"ಎಬ್ಬಿಸಬೇಕಿತ್ರಿ ಮಾವಾ," ಎಂದು ಪತ್ನಿ ಅತ್ತಳು.

"ದಣದ ಮಲಗಿದವ್ರನ್ನ ಎಬ್ಬಿಸಬಾರದು ಯವ್ವಾ. ಪಾಪ ಬರತೈತಿ."

ಅವರನ್ನು ಮನೆಗೆ ಕರೆತಂದೆವು. ಪತ್ನಿ ಸಂಬಳವಿಲ್ಲದ ರಜೆ ಹಾಕಿ ಮೂರು ಹೊತ್ತೂ ಎದುರಿಗೆ ಕುಳಿತು ಉಣಿಸಿದಳು. ನಾನು ಕ್ಯಾಂಟೀನಿನ ಊಟ ಬಿಟ್ಟು ಹಸಿದೇ ಮನೆಗೆ ಬರತೊಡಗಿದೆ. ಮೂವರೂ ಕೂಡಿ ಕುಳಿತರೆ ತಂದೆಯವರು ಸಂತೋಷದಿಂದ ರೊಟ್ಟಿ ಮುರಿಯುತ್ತಿದ್ದರು, ಆದರೆ ಹೊಟ್ಟೆ ಸ್ವೀಕರಿಸುತ್ತಿರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ವೇಳೆಗೆ, ಅವರು ತೀರಿಕೊಂಡರು. ವಯಸ್ಸಾಗಿತ್ತು, ಹೃದಯವೂ ಸೋತಿತ್ತು ಎಂದು ವೈದ್ಯರು ಸಮಾಧಾನ ಹೇಳಿದರು. ಅದರಲ್ಲಿ ಎಷ್ಟು ಪಾಲು ವಯಸ್ಸಿನದು, ಎಷ್ಟು ನಮ್ಮದು ಎಂಬುದನ್ನು ನಾನು ಅವರನ್ನು ಕೇಳಲಿಲ್ಲ.

ಉತ್ತರಕ್ರಿಯೆಗಳು ಮುಗಿದ ಮೇಲೆ ಪುನಃ ಪಾಳಿ ಆರಂಭವಾಯಿತು. ಹಗಲು ಮನೆಯಲ್ಲಿ ಮಲಗಿರುವವರಿಗೆ ಮಧ್ಯಾಹ್ನ ಒಂದು ಗಂಟೆಗೆ ಬಾಗಿಲ ಬಳಿ ಏನೋ ಉಸಿರಾಡಿದಂತೆ ಕೇಳುತ್ತಿತ್ತು. ನೋಡಿದರೆ ಒಂದು ಬಿಳಿಯ ಆಕಳು, ಮೆಟ್ಟಿಲ ಮೇಲೆ ಗದ್ದವಿಟ್ಟು ನಿಂತಿರುತ್ತಿತ್ತು. ಯಾಕೆ ಬರುತ್ತದೆಂದು ತಿಳಿಯದೆ ಒಂದು ರೊಟ್ಟಿ ಕೊಟ್ಟು ಕಳಿಸುತ್ತಿದ್ದೆವು.

ತಿಂಗಳಾದ ಮೇಲೆ, ನನ್ನ ರಜೆಯ ದಿನ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಬಂದು, "ಮುತ್ಯಾ ಅದಾನೇನ್ರಿ?" ಎಂದು ತಂದೆಯವರ ಬಗ್ಗೆ ವಿಚಾರಿಸಿದಳು. ಕೈಯಲ್ಲಿ ನಮ್ಮ ಊಟದ ಡಬ್ಬಿಯ ಮುಚ್ಚಳವಿತ್ತು. ಅದು ಕಾಣೆಯಾಗಿದೆಯೆಂದು ಪತ್ನಿ ಹಿಂದೊಮ್ಮೆ ಹುಡುಕಾಡಿದ್ದಳು.

"ನೀ ಯಾರವ್ವಾ?" ಎಂದೆ.

"ಈ ಬಾಜೂ ಬಿಲ್ಡಿಂಗಿಗೆ ಕೆಲಸಕ್ಕ ಬರತಿದ್ವಿರಿ. ಈಗ ಮಲ್ಕಾಜ್‌ಗಿರಿ ಕಡೆ ಹಾಕ್ಯಾರ. ಈ ಮುಚ್ಚಳ ನಮ್ಮ ಸಾಮಾನದಾಗ ಬಂದಿತ್ತು. ಮುತ್ಯಾ ದಿನಾ ಮಧ್ಯಾಹ್ನ ನಮ್ಮ ಜೋಡೀನ ಉಣ್ತಿದ್ನಲ್ರಿ. ಡಬ್ಬಿ ಬಿಚ್ಚೂತನಕ ಬೈಗುಳ, ಬಿಚ್ಚಿದ ಮ್ಯಾಲ ನಗಿ. ನನ್ನ ಗಂಡ ಕಟ್ಟಿದ ಗ್ವಾಡಿ ನೋಡಿ, 'ಇದೇನ್ಲೇ, ಕುಡುದು ಮನಿಗಿ ಹೊಂಟಂಗ ಐತಲ್ಲೋ' ಅಂತಿದ್ದ. ಅಂವಗೂ ಮುತ್ಯಾ ಬೈದ್ರನ ರೊಟ್ಟಿ ಒಳಗ ಹೋಗತಿತ್ರಿ."

ಕೆಲಸ ಯಾವಾಗ ಮುಗಿಯಿತೆಂದು ಕೇಳಿದೆ.

"ದಸರಾ ಮುಂದರಿ. ಹೊಂಟ ದಿನ ಮುತ್ಯಾ ಯಾರಿಗೂ ಬೈಲಿಲ್ಲ. ಆಮ್ಯಾಲ ಒಂದಿನ ಈ ಹಾದಿ ಹಿಡದು ಬಂದಾಗ ನೋಡೀನಿ, ಮೆಟ್ಲ ಮ್ಯಾಗ ಕುಂತು ಡಬ್ಬ್ಯಾಗಿಂದು ಆಕಳಿಗೆ ಹಾಕಾಕತ್ತಿದ್ದ. ಮುತ್ಯಾ ಈಗ ಯಾರ ಜೋಡಿ ಉಣ್ತಾನೋ ಏನೋ ಅಂತ ನನ್ನ ಗಂಡ ಆಗಾಗ ಅಂತಿರತಾನ್ರಿ."

ತಂದೆಯವರು ಕುಸಿದದ್ದು ದಸರೆ ಕಳೆದು ಮೂರು ತಿಂಗಳಿಗೆ. ದಸರೆಯವರೆಗೆ ಅವರನ್ನು ಬದುಕಿಸಿದ್ದು ಪಕ್ಕದ ಕಟ್ಟಡದ ಆ ಒಂದು ಹೊತ್ತಿನ ಪಂಕ್ತಿ. ಗೋಡೆಗಳು ಮುಗಿದವು, ಆ ಕೆಲಸದವರು ಹೊರಟುಹೋದರು. ಬೇರೆ ಊರ ಆ ಗೌಂಡಿಗೆ ಹೊಳೆದ ಪ್ರಶ್ನೆ ಸ್ವಂತ ಮಗನಾದ ನನಗೆ ಹೊಳೆಯಲಿಲ್ಲ. ಮುತ್ಯಾ ಇಲ್ಲವೆಂದು ಹೇಳಿದಾಗ ಆಕೆ ಮುಚ್ಚಳವನ್ನು ಮೆಟ್ಟಿಲ ಮೇಲಿಟ್ಟು, ಅಲ್ಲಿಯೇ ಕುಳಿತು ಅತ್ತಳು. ಪತ್ನಿ ಕೆಲಸದಲ್ಲಿದ್ದಳು. ನಾನು ತಟ್ಟೆ ತಂದು, "ಉಂಡು ಹೋಗವ್ವಾ" ಎಂದೆ. ಇಬ್ಬರೂ ಕುಳಿತು ಒಂದೊಂದು ರೊಟ್ಟಿ ಉಂಡೆವು.

ಆ ಸಂಜೆ ಗೇಟಿನಲ್ಲಿ ಪತ್ನಿಯನ್ನು ಕಾದು ಎಲ್ಲವನ್ನೂ ಹೇಳಿದೆ. ಮರುದಿನ ಸಾಹೇಬರಿಗೆ ಎರಡನೆಯ ಅರ್ಜಿ ಬರೆದೆ, ಇಬ್ಬರಿಗೂ ಒಂದೇ ಪಾಳಿ ಬೇಕೆಂದು.

"ಏಮಯ್ಯಾ, ಅಪ್ಪುಡು ಅಲಗ್ ಅಲಗ್ ಅನ್ನಾವು, ಇಪ್ಪುಡು ಏಕ್ ಸಾಥಾ?" ಎಂದು ಅವರು ಗದರಿದರು. ಆಗ ಬೇರೆ ಬೇರೆ ಕೇಳಿದವನು ಈಗ ಒಟ್ಟಿಗೆ ಕೇಳುತ್ತೀಯಾ ಎಂಬುದು ಅವರ ಆಕ್ಷೇಪ. ಕಾರಣದ ಜಾಗ ಖಾಲಿಯಿತ್ತು. ಬರೆಯೆಂದು ಪೆನ್ನು ಕೊಟ್ಟರು. ಒಟ್ಟಿಗೆ ಊಟ ಮಾಡುವ ಸಲುವಾಗಿ ಎಂದು ಬರೆದೆ. ಓದಿ ನಗಲು ಹೊರಟವರು, ನನ್ನ ಮುಖ ನೋಡಿ ಸಹಿ ಹಾಕಿದರು.

ಈಗ ನಾವು ಒಂದೇ ವೇಳೆಗೆ ಹೋಗಿ ಒಂದೇ ವೇಳೆಗೆ ಬರುತ್ತೇವೆ. ಒಂದು ವಾರ ರಾತ್ರಿ ಎಂಟಕ್ಕೆ, ಮರುವಾರ ಬೆಳಿಗ್ಗೆ ಎಂಟಕ್ಕೆ, ಎದುರುಬದುರು ಕುಳಿತು ಉಣ್ಣುತ್ತೇವೆ. ಪಾಳಿಗೆ ಹೊಂದಿಕೊಂಡದ್ದು ಎಂದರೆ ಇಷ್ಟೇ. ಹಗಲು ಪಾಳಿಯ ವಾರ ಮನೆಗೆ ಬೀಗ ಬಿದ್ದಿರುತ್ತದೆ. ಆಕಳಿಗೆಂದು ಮೆಟ್ಟಿಲ ಮೇಲೆ ಒಂದು ರೊಟ್ಟಿ ಇಟ್ಟು ಹೋಗುತ್ತೇವೆ. ಮನೆಯಲ್ಲಿ ಸದಾ ಒಬ್ಬರು ಇರಬೇಕಾದ ಕಾರಣ ಈಗ ನಮಗಿಲ್ಲ.

ಇಷ್ಟು ದೀರ್ಘವಾಗಿ ನಾನು ಹಿಂದೆಂದೂ ಬರೆದವನಲ್ಲ. ಒತ್ತಕ್ಷರ ಬಿಟ್ಟುಹೋಗಿರಬಹುದು, ಮಾತು ಹಿಂದುಮುಂದಾಗಿರಬಹುದು. ಕಂಡ ತಪ್ಪುಗಳನ್ನು ದಯಮಾಡಿ ಕೆಂಪು ಶಾಯಿಯಿಂದ ತಿದ್ದಿ ಕಳುಹಿಸಿರಿ. ನೋಡಿಕೊಂಡು ಮತ್ತೊಮ್ಮೆ ಶುದ್ಧವಾಗಿ ಬರೆದಿಡುತ್ತೇನೆ.